ಸ್ಮೃತಿಯ ಸೋರಿಕೆ: ಆರಿಸಿ ಹಚ್ಚುವುದೊಂದೇ ದಾರಿಯೇ?

ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ಹಾಡುಗಳನ್ನು ಹಚ್ಚಿಟ್ಟು ಓದುಬರಹದಲ್ಲಿ ತೊಡಗುವ ಅಭ್ಯಾಸ ಇಂದಿನ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಗ್ಗೆ ಚುರುಕಾಗಿದ್ದ ಯಂತ್ರ ಸಂಜೆಯ ಹೊತ್ತಿಗೆ ಮಂಕಾಗುವುದನ್ನೂ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಲು ತಿಣುಕುವುದನ್ನೂ, ಕೊನೆಗೆ ಹಾಡೇ ತುಂಡುತುಂಡಾಗಿ ಕೇಳಿಬರುವುದನ್ನೂ ಅನೇಕರು ಕಂಡಿರಬಹುದು. ಆಗ ನಾಲ್ಕು ಕಡೆಯಿಂದಲೂ ಬರುವ ಸಲಹೆ ಒಂದೇ: “ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯಿರಿ, ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿ ಹಚ್ಚಿರಿ.” ಹಾಗೆ ಮಾಡಿದೊಡನೆ ಎಲ್ಲವೂ ಸರಿಹೋಗುತ್ತದೆ. ಸರಿಹೋದ ಮೇಲೆ ಕಾರಣವನ್ನು ಕೇಳುವವರಾರು? ಮರುದಿನ ಸಂಜೆ ಅದೇ ಕಥೆ.

ಈ ಸಲಹೆಯನ್ನು ನಾವು ಹಳಿಯಲು ಹೊರಟಿಲ್ಲ. ಅವಸರದ ಹೊತ್ತಿನಲ್ಲಿ ಅದು ಉಪಯುಕ್ತವೇ ಹೌದು. ಆದರೆ ಅದೇ ಕೊನೆಯ ಮಾತಾಗಿ ನಿಲ್ಲುವುದು ವಿಜ್ಞಾನವನ್ನು ಕಲಿಯುವವರಿಗೆ ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ರೋಗವೇನೆಂದು ತಿಳಿಯದೆಯೇ ಗುಣವಾಯಿತೆಂದು ತೃಪ್ತಿಪಡುವ ಮನಸ್ಸು ಪ್ರಯೋಗಶಾಲೆಯಲ್ಲಿಯೂ ಹಾಗೆಯೇ ನಡೆದುಕೊಳ್ಳುತ್ತದೆ. ಉತ್ತರ ಪುಸ್ತಕದಲ್ಲಿರುವಂತೆ ಬಂದರೆ ಸಾಕು, ಬಾರದಿದ್ದರೆ ಮತ್ತೊಮ್ಮೆ ಮಾಡಿದರಾಯಿತು ಎನ್ನುತ್ತದೆ. ಇದಕ್ಕೆ ಬದಲಾಗಿ ಈ ಅಲ್ಪ ದೋಷದ ಬೆನ್ನು ಹತ್ತಿದರೆ ಅಳತೆ, ಹೋಲಿಕೆ, ಊಹೆ, ಪರೀಕ್ಷೆ ಎಂಬ ವಿಜ್ಞಾನವಿಧಾನದ ನಾಲ್ಕು ಮೆಟ್ಟಿಲುಗಳನ್ನೂ ವಿದ್ಯಾರ್ಥಿ ತಾನಾಗಿಯೇ ಹತ್ತಬಲ್ಲನು. ಅದಕ್ಕೆ ಬೇಕಾದ ಉಪಕರಣ ಅವನ ಮುಂದೆಯೇ ಇದೆ.

ಮೊದಲು ದೋಷದ ಸ್ವರೂಪವನ್ನು ತಿಳಿಯೋಣ. ಇದನ್ನು ಇಂಗ್ಲಿಷಿನಲ್ಲಿ ಮೆಮೊರಿ ಲೀಕ್ ಎನ್ನುತ್ತಾರೆ. ಕನ್ನಡದಲ್ಲಿ ಸ್ಮೃತಿಯ ಸೋರಿಕೆ ಎನ್ನಬಹುದು. ಕಾಲೇಜಿನ ಪುಸ್ತಕಭಂಡಾರವನ್ನು ನೆನೆಯಿರಿ. ಕಂಪ್ಯೂಟರಿನ ಸ್ಮೃತಿ, ಎಂದರೆ ರ್‍ಯಾಮ್, ಆ ಭಂಡಾರದಲ್ಲಿರುವ ಪುಸ್ತಕಗಳಂತೆ. ಆಪರೇಟಿಂಗ್ ಸಿಸ್ಟಮ್ ಎಂಬ ಮೂಲವ್ಯವಸ್ಥೆ ಅದರ ಭಂಡಾರಿ. ಒಂದೊಂದು ಪ್ರೋಗ್ರಾಮೂ ಒಬ್ಬೊಬ್ಬ ಓದುಗ. ಓದುಗ ಕೇಳಿದಾಗ ಭಂಡಾರಿ ಪುಸ್ತಕ ಕೊಟ್ಟು ಅವನ ಹೆಸರಿಗೆ ಬರೆದುಕೊಳ್ಳುತ್ತಾನೆ. ಓದಿ ಮುಗಿಯಿತೋ ಇಲ್ಲವೋ ಎಂಬುದು ಓದುಗನಿಗೆ ಮಾತ್ರ ಗೊತ್ತು; ಅವನಾಗಿ ತಂದೊಪ್ಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಓದುಗನು ಪುಸ್ತಕವನ್ನು ಎಲ್ಲಿಟ್ಟೆನೆಂಬುದನ್ನೇ ಮರೆತರೆ ಅದನ್ನು ಓದಲೂ ಆಗದು, ಹಿಂದಿರುಗಿಸಲೂ ಆಗದು. ಹೀಗೆ ದಿನಕ್ಕೊಂದು ಪುಸ್ತಕ ಹೋಗುತ್ತಿದ್ದರೆ ಒಂದು ದಿನ ಕಪಾಟುಗಳೆಲ್ಲ ಬರಿದಾಗುತ್ತವೆ, ಆದರೆ ಯಾರ ಕೈಯಲ್ಲಿಯೂ ಪುಸ್ತಕ ಕಾಣುವುದಿಲ್ಲ.

ಇದರಿಂದ ತಿಳಿದುಬರುವುದೇನೆಂದರೆ, ಸೋರಿಕೆಯೆಂಬ ಹೆಸರು ಕೊಂಚ ದಾರಿ ತಪ್ಪಿಸುವಂಥದು. ತೊಟ್ಟಿಯಿಂದ ನೀರು ಹೊರಗೆ ಹೋದಂತೆ ಇಲ್ಲಿ ಏನೂ ಹೊರಗೆ ಹೋಗುವುದಿಲ್ಲ. ಇದ್ದಲ್ಲಿಯೇ ಇದ್ದು ಉಪಯೋಗಕ್ಕೆ ಬಾರದಾಗುತ್ತದೆ, ಅಷ್ಟೆ. ಆರಿಸಿ ಹಚ್ಚಿದರೆ ಸರಿಹೋಗುವುದೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ವಿದ್ಯಾರ್ಥಿ ಕಾಲೇಜು ಬಿಡುವಾಗ ಬಾಕಿಯಿಲ್ಲವೆಂಬ ಪತ್ರಕ್ಕಾಗಿ ಭಂಡಾರಿ ಎಲ್ಲವನ್ನೂ ವಸೂಲು ಮಾಡುವಂತೆ, ಪ್ರೋಗ್ರಾಮು ಮುಚ್ಚಿದೊಡನೆ ಅದರ ಹೆಸರಿನಲ್ಲಿದ್ದ ಸ್ಮೃತಿಯನ್ನೆಲ್ಲ ಮೂಲವ್ಯವಸ್ಥೆ ಹಿಂದಕ್ಕೆ ಪಡೆಯುತ್ತದೆ. ಸಾಲ ತೀರಿತು, ಸಾಲ ಮಾಡುವ ಚಾಳಿ ಮಾತ್ರ ಹಾಗೆಯೇ ಉಳಿಯಿತು.

ಸ್ಮೃತಿ ಮುಗಿಯುತ್ತ ಬಂದಾಗ ಯಂತ್ರ ನಿಧಾನವಾಗುವುದೇಕೆ? ಮೂಲವ್ಯವಸ್ಥೆ ಆಗ ಸ್ಮೃತಿಯಲ್ಲಿರುವುದರಲ್ಲಿ ಕೆಲವನ್ನು ಡಿಸ್ಕಿಗೆ ಸಾಗಿಸಿ ಸ್ಥಳ ಮಾಡಿಕೊಳ್ಳುತ್ತದೆ. ಬೇಕಾದಾಗ ಮರಳಿ ತರುತ್ತದೆ. ಸ್ಮೃತಿಯಿಂದ ಒಂದಂಶವನ್ನು ಓದಲು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲ ಹಿಡಿದರೆ, ತಿರುಗುವ ತಟ್ಟೆಯ ಡಿಸ್ಕಿನಿಂದ ಓದಲು ನೂರರಲ್ಲೊಂದು ಭಾಗದಷ್ಟು ಬೇಕಾಗುತ್ತದೆ. ವ್ಯತ್ಯಾಸ ಸುಮಾರು ಲಕ್ಷ ಪಟ್ಟು. ಈಚಿನ ಎಸ್‌ಎಸ್‌ಡಿಗಳಲ್ಲಿ ಅಂತರ ಬಹಳ ಕಡಿಮೆ. ಆದರೂ ನೂರಾರು ಪಟ್ಟಿನಷ್ಟು ಇದ್ದೇ ಇದೆ.

ಇನ್ನು ಪರೀಕ್ಷೆಗೆ ಬರೋಣ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಸ್ಮೃತಿಯ ಬಳಕೆ ಏರಿದ ಮಾತ್ರಕ್ಕೆ ಸೋರಿಕೆಯೆಂದು ತೀರ್ಮಾನಿಸಕೂಡದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದಂತಾಗುತ್ತದೆ. ಸಾವಿರಾರು ಹಾಡುಗಳ ಪಟ್ಟಿಯನ್ನು ಓದಿಕೊಳ್ಳುವಾಗ ಯಾವ ಪ್ಲೇಯರಾದರೂ ಹೆಚ್ಚು ಸ್ಥಳವನ್ನು ಕೇಳುತ್ತದೆ. ಮತ್ತೆ ಬೇಕಾಗಬಹುದಾದ ಚಿತ್ರಗಳನ್ನೂ ಹೆಸರುಗಳನ್ನೂ ಬೇಕೆಂದೇ ಕೈಗೆಟಕುವಂತೆ ಇಟ್ಟುಕೊಳ್ಳುತ್ತದೆ. ಇಂಥ ಏರಿಕೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕೆಪ್ಯಾಸಿಟರನ್ನು ಚಾರ್ಜ್ ಮಾಡುವಾಗ ವೋಲ್ಟೇಜು ಮೊದಲು ಬೇಗ ಏರಿ ಆಮೇಲೆ ಸಮತಟ್ಟಾಗುವ ಗ್ರಾಫನ್ನು ವಿದ್ಯಾರ್ಥಿಗಳು ಬರೆದಿರುತ್ತಾರೆ. ಇದೂ ಅದೇ ಆಕಾರದ್ದು. ಸೋರಿಕೆಯ ಗ್ರಾಫು ಹಾಗಲ್ಲ. ಅದು ಸಮತಟ್ಟನ್ನು ಕಾಣದೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ಒಂದೇ ಒಂದು ಅಂಕಿಯಿಂದ ಏನೂ ತಿಳಿಯದು. ಕಾಲಕ್ಕೆ ಎದುರಾಗಿ ಬರೆದ ಗ್ರಾಫೇ ಬೇಕು.

ಅಳೆಯುವುದು ಹೇಗೆ? ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಡೀಟೇಲ್ಸ್ ಎಂಬ ವಿಭಾಗದಲ್ಲಿ ಕಮಿಟ್ ಸೈಜ್ ಎಂಬ ಅಂಕಣವನ್ನು ಆರಿಸಿಕೊಳ್ಳಬಹುದು. ಬರಿಯ ಮೆಮೊರಿ ಎಂಬ ಅಂಕಣಕ್ಕಿಂತ ಇದು ಮೇಲು. ಏಕೆಂದರೆ ಸ್ಮೃತಿಯ ಒಂದು ಭಾಗ ಡಿಸ್ಕಿಗೆ ಸಾಗಿದಾಗ ಮೊದಲಿನ ಅಂಕಣದ ಅಂಕಿ ಇಳಿದು, ರೋಗ ತಾನಾಗಿಯೇ ವಾಸಿಯಾದಂತೆ ತೋರಿಬಿಡುತ್ತದೆ. ಲಿನಕ್ಸ್ ಯಂತ್ರದಲ್ಲಿಯೂ ಸ್ಮೃತಿಯಲ್ಲಿ ಉಳಿದುದನ್ನೂ ಡಿಸ್ಕಿಗೆ ಹೋದುದನ್ನೂ ಕೂಡಿಸಿಯೇ ನೋಡಬೇಕು. ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎಷ್ಟು ಹೊತ್ತಿಗೆ ಏನನ್ನು ಮಾಡಿದೆವೆಂಬುದನ್ನೂ ಪಕ್ಕದಲ್ಲಿಯೇ ಗುರುತಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು ಪ್ರಯೋಗದ ಮೊದಲ ಪಾಠ. ಅದರಂತೆ ಮೊದಲ ಗಂಟೆ ಪ್ಲೇಯರನ್ನು ತೆರೆದು ಯಾವ ಹಾಡನ್ನೂ ಹಚ್ಚದೆ ಬಿಡೋಣ. ಎರಡನೆಯ ಗಂಟೆ ಒಂದೇ ಒಂದು ದೀರ್ಘ ಕಚೇರಿಯನ್ನು ಕೇಳೋಣ. ಮೂರನೆಯ ಗಂಟೆ ನಾಲ್ಕು ನಾಲ್ಕು ನಿಮಿಷದ ಹದಿನೈದು ಹಾಡುಗಳನ್ನು ಹಚ್ಚೋಣ. ಪ್ರತಿ ಸಲವೂ ಪ್ಲೇಯರನ್ನು ಹೊಸದಾಗಿ ತೆರೆಯಬೇಕೆಂಬುದನ್ನು ಮರೆಯಬಾರದು. ಹಾಡಿಲ್ಲದಾಗಲೂ ಅಂಕಿ ಏರಿದರೆ ದೋಷ ಸಂಗೀತಕ್ಕೆ ಸಂಬಂಧಿಸಿದ್ದಲ್ಲ. ಪರದೆಯ ಮೇಲಿನ ಅಲಂಕಾರವನ್ನೋ ಜಾಲದ ಸಂಪರ್ಕವನ್ನೋ ಶಂಕಿಸಬೇಕು. ದೀರ್ಘ ಕಚೇರಿಯಲ್ಲಿ ಏರಿದರೆ ದೋಷ ಕಾಲವನ್ನು ಅನುಸರಿಸುತ್ತದೆ. ಹಾಡು ಬದಲಾದಾಗ ಮಾತ್ರ ಏರಿದರೆ ಅದು ಹಾಡಿನ ಎಣಿಕೆಯನ್ನು ಅನುಸರಿಸುತ್ತದೆ. ಅಂಕಗಣಿತದ ಸಹಾಯ ದೊರೆಯುವುದು ಇಲ್ಲಿಯೇ.

ಸಿಡಿಯ ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಎಡ ಬಲಗಳೆಂದು ಎರಡು ವಾಹಿನಿಗಳು. ಒಂದು ಮಾದರಿಗೆ 2 ಬೈಟು. ಇವನ್ನು ಗುಣಿಸಿದರೆ ಸೆಕೆಂಡಿಗೆ 1,76,400 ಬೈಟು, ಗಂಟೆಗೆ ಸುಮಾರು 635 ಮೆಗಾಬೈಟು ಆಗುತ್ತದೆ. ಅದೇ ಧ್ವನಿಯನ್ನು 128 ಕಿಲೋಬಿಟ್ಟಿನ ಎಂಪಿ3 ಆಗಿ ಸಂಕುಚಿಸಿದರೆ ಸೆಕೆಂಡಿಗೆ 16,000 ಬೈಟು, ಗಂಟೆಗೆ ಸುಮಾರು 58 ಮೆಗಾಬೈಟು. ಗ್ರಾಫಿನ ಇಳಿಜಾರು ಗಂಟೆಗೆ 635ರ ಆಸುಪಾಸಿನಲ್ಲಿದ್ದರೆ ಪ್ಲೇಯರು ಬಿಚ್ಚಿದ ಧ್ವನಿಯನ್ನು ಬಿಡದೆ ಇಟ್ಟುಕೊಳ್ಳುತ್ತಿದೆಯೆಂದೂ, 58ರ ಆಸುಪಾಸಿನಲ್ಲಿದ್ದರೆ ಬಿಚ್ಚುವುದಕ್ಕೆ ಮುಂಚಿನ ಕಡತವನ್ನೇ ಇಟ್ಟುಕೊಳ್ಳುತ್ತಿದೆಯೆಂದೂ ಊಹಿಸಬಹುದು. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಓದದೆ, ಬರಿಯ ಗಡಿಯಾರ ಮತ್ತು ಅಂಕಿಗಳಿಂದ ಇಷ್ಟು ದೂರ ಬರಬಹುದೆಂಬುದು ಗಮನಿಸತಕ್ಕ ಸಂಗತಿ.

ಹಾಡಿನ ಎಣಿಕೆಯನ್ನು ಅನುಸರಿಸುವ ಸೋರಿಕೆ ಇನ್ನೂ ಸ್ವಾರಸ್ಯಕರ. ಅದರ ಗ್ರಾಫು ಇಳಿಜಾರಾಗಿರದೆ ಮೆಟ್ಟಿಲುಮೆಟ್ಟಿಲಾಗಿರುತ್ತದೆ. ಒಂದೊಂದು ಹಾಡಿಗೂ ಅಂಕಿ ಸುಮಾರು 35,000 ಕಿಲೋಬೈಟು ಏರಿತೆನ್ನೋಣ. ಈ 35,000 ಎಂಬುದು ಯಾವುದರ ಗಾತ್ರ? ಹಾಡಿನ ಕಡತದ್ದಲ್ಲ, 128 ಕಿಲೋಬಿಟ್ಟಿನ ನಾಲ್ಕು ನಿಮಿಷದ ಎಂಪಿ3ಗೆ 4,000 ಕಿಲೋಬೈಟೂ ಬೇಡ. ಆದರೆ ಹಾಡಿನೊಡನೆ ಅದರ ಮುಖಪುಟದ ಚಿತ್ರವೊಂದು ಬರುತ್ತದೆಯಷ್ಟೆ? ಆ ಚಿತ್ರ ಅಗಲಕ್ಕೆ 3,000, ಎತ್ತರಕ್ಕೆ 3,000 ಬಿಂದುಗಳುಳ್ಳದ್ದಾದರೆ ಒಟ್ಟು 90 ಲಕ್ಷ ಬಿಂದುಗಳಾದವು. ಡಿಸ್ಕಿನಲ್ಲಿ ಅದು ಸಂಕುಚಿತವಾಗಿ ಒಂದೆರಡು ಮೆಗಾಬೈಟಿನಲ್ಲಿ ಅಡಗಿರಬಹುದು. ಪರದೆಯ ಮೇಲೆ ತೋರಿಸಬೇಕಾದರೆ ಬಿಚ್ಚಲೇಬೇಕು. ಬಿಚ್ಚಿದಾಗ ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಮತ್ತು ಪಾರದರ್ಶಕತೆಗೆ ಒಂದರಂತೆ 4 ಬೈಟು ಬೇಕಾಗುತ್ತದೆ. 90 ಲಕ್ಷವನ್ನು 4ರಿಂದ ಗುಣಿಸಿದರೆ 3 ಕೋಟಿ 60 ಲಕ್ಷ ಬೈಟು; 1,024 ಬೈಟಿಗೆ ಒಂದು ಕಿಲೋಬೈಟಿನಂತೆ ಭಾಗಿಸಿದರೆ 35,156. ಕಳ್ಳ ಸಿಕ್ಕಿಬಿದ್ದಂತೆಯೇ ಸರಿ. ಹಾಡಿಗಿಂತ ಅದರ ಚಿತ್ರವೇ ಒಂಬತ್ತು ಪಟ್ಟು ದೊಡ್ಡದು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಎಲೆಕ್ಟ್ರಾನಿನ ವಿದ್ಯುದಂಶವನ್ನು ಮಿಲಿಕನ್ ಅಳೆದ ಪ್ರಯೋಗವನ್ನು ಓದಿದವರಿಗೆ ಈ ವಾದಸರಣಿ ಹೊಸದಲ್ಲ. 1909ರಿಂದ ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಡೆದ ಆ ಪ್ರಯೋಗಗಳಲ್ಲಿ ಎಣ್ಣೆಯ ತುಂತುರುಹನಿಗಳ ಮೇಲಿನ ವಿದ್ಯುದಂಶ ಯಾವಾಗಲೂ ಒಂದು ನಿರ್ದಿಷ್ಟ ಮೊತ್ತದ ಪೂರ್ಣಗುಣಿತವಾಗಿಯೇ ಕಂಡುಬಂದಿತು. ಆ ಕನಿಷ್ಠ ಮೆಟ್ಟಿಲಿನ ಎತ್ತರವೇ ಎಲೆಕ್ಟ್ರಾನಿನ ವಿದ್ಯುದಂಶ. ನಮ್ಮ ಪ್ಲೇಯರಿನ ಗ್ರಾಫಿನಲ್ಲಿಯೂ ಮೆಟ್ಟಿಲಿನ ಎತ್ತರವೇ ಮಾತನಾಡುತ್ತದೆ.

ಇಷ್ಟಾದರೂ ಇದು ಇನ್ನೂ ಊಹೆ, ಪರೀಕ್ಷೆಯಾಗಬೇಕು. ಅದೇ ಹದಿನೈದು ಹಾಡುಗಳ ಪ್ರತಿ ಮಾಡಿಕೊಂಡು, ಅವುಗಳಿಂದ ಚಿತ್ರಗಳನ್ನು ತೆಗೆದುಹಾಕಿ ಮತ್ತೆ ಹಚ್ಚಬೇಕು. ಮೆಟ್ಟಿಲುಗಳು ಮಾಯವಾದರೆ ಊಹೆಗೆ ಬಲ ಬಂದಿತು. ಆಮೇಲೆ 1,500 ಬಿಂದುಗಳ ಅಗಲ ಎತ್ತರವುಳ್ಳ ಚಿತ್ರಗಳನ್ನು ಹಾಕಿ ನೋಡಬೇಕು. ಊಹೆ ನಿಜವಾದರೆ ಮೆಟ್ಟಿಲು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯಬೇಕು. ಪ್ರಯೋಗಕ್ಕೆ ಮುಂಚೆಯೇ ಇಂಥ ಭವಿಷ್ಯವನ್ನು ಬರೆದಿಟ್ಟು, ಆಮೇಲೆ ಫಲಿತಾಂಶದೊಡನೆ ಹೋಲಿಸುವ ಧೈರ್ಯವೇ ವಿಜ್ಞಾನದ ಜೀವಾಳ.

ಪ್ಲೇಯರಿಗೆ ಅನೇಕ ಉಪಾಂಗಗಳನ್ನು, ಎಂದರೆ ಪ್ಲಗ್‌ಇನ್‌ಗಳನ್ನು, ಸೇರಿಸಿದ್ದರೆ ತಪ್ಪಿತಸ್ಥ ಯಾವುದೆಂದು ಒಂದೊಂದಾಗಿ ನೋಡುತ್ತ ಕೂರಬೇಕಾಗಿಲ್ಲ. ಹದಿನಾರು ಇದ್ದರೆ ಎಂಟನ್ನು ನಿಲ್ಲಿಸಿ ನೋಡುವುದು. ಸೋರಿಕೆ ಉಳಿದರೆ ತಪ್ಪಿತಸ್ಥ ನಡೆಯುತ್ತಿರುವ ಎಂಟರಲ್ಲಿದೆ, ನಿಂತರೆ ನಿಲ್ಲಿಸಿದ ಎಂಟರಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ತಪ್ಪಿತಸ್ಥ ಒಂದೇ ಆಗಿರುವಲ್ಲಿ ನಾಲ್ಕೇ ಪ್ರಯತ್ನಗಳಲ್ಲಿ ಅದು ಸಿಕ್ಕುತ್ತದೆ.

ಇನ್ನೂ ಮುಂದೆ ಹೋಗಬಯಸುವವರಿಗೂ ದಾರಿಯಿದೆ. ರಿದಮ್‌ಬಾಕ್ಸ್, ಸ್ಟ್ರಾಬೆರಿ ಮೊದಲಾದ ಪ್ಲೇಯರುಗಳ ಮೂಲಬರಹ ಯಾರು ಬೇಕಾದರೂ ಓದಬಹುದಾದಂತೆ ತೆರೆದಿದೆ. ಸೋರಿಕೆಯನ್ನು ಹುಡುಕಲು ವಾಲ್‌ಗ್ರಿಂಡ್ ಎಂಬ ಸಾಧನವನ್ನು ಜೂಲಿಯನ್ ಸೀವರ್ಡ್ ರಚಿಸಿ 2002ರಲ್ಲಿ ಹೊರತಂದರು. ಪರೀಕ್ಷಿಸಬೇಕಾದ ಪ್ರೋಗ್ರಾಮನ್ನು ಇದು ತನ್ನ ಕಣ್ಗಾವಲಿನಲ್ಲಿ ನಡೆಸಿ, ಪಡೆದ ಒಂದೊಂದು ತುಂಡು ಸ್ಮೃತಿಯ ಲೆಕ್ಕವನ್ನೂ ಇಡುತ್ತದೆ. ಹಾಗಾಗಿ ಪ್ರೋಗ್ರಾಮು ಹಲವು ಪಟ್ಟು ನಿಧಾನವಾಗುತ್ತದೆ. ಹಾಡು ಕೇಳುವ ಸುಖ ಇರುವುದಿಲ್ಲ. ಆದರೆ ಕೊನೆಯಲ್ಲಿ ದೊರೆಯುವ ಪಟ್ಟಿಯಲ್ಲಿ ಖಂಡಿತವಾಗಿ ಕಳೆದುಹೋದವು, ಬಹುಶಃ ಕಳೆದುಹೋದವು, ಇನ್ನೂ ಕೈಗೆಟಕುವಂಥವು ಎಂಬ ವಿಂಗಡಣೆಯೊಡನೆ, ಆ ಸ್ಮೃತಿಯನ್ನು ಪಡೆದ ಸಾಲು ಯಾವುದೆಂಬುದೂ ಸಿಕ್ಕುತ್ತದೆ. ಬಹಳ ಸಲ ಬೇಕಾಗುವ ತಿದ್ದುಪಾಟು ಒಂದೇ ಸಾಲಿನದು: ಹೊಸ ಚಿತ್ರವನ್ನು ಇಡುವ ಮುನ್ನ ಹಳೆಯದನ್ನು ಹಿಂದಿರುಗಿಸು ಎಂಬುದು.

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರುಂಟು. ಅವರ ಮೊದಲನೆಯ ವಾದ: ಇನ್ನಷ್ಟು ಸ್ಮೃತಿಯನ್ನು ಕೊಂಡು ಹಾಕಿದರಾಗದೇ? ಲೆಕ್ಕ ಹಾಕೋಣ. ಮೇಲಿನ ಪ್ಲೇಯರಿಗೆ 4 ಗಿಗಾಬೈಟು ಬಿಡುವಿದ್ದರೆ ಸುಮಾರು 110 ಹಾಡುಗಳಿಗೆ, ಎಂದರೆ 7 ಗಂಟೆ 20 ನಿಮಿಷಕ್ಕೆ, ಅದು ಮುಗಿಯುತ್ತದೆ. 8 ಗಿಗಾಬೈಟು ಇದ್ದರೆ 14 ಗಂಟೆ 40 ನಿಮಿಷ. ಹಣ ಕೊಟ್ಟು ನಾವು ಕೊಂಡದ್ದು ಗುಣವನ್ನಲ್ಲ, ವಾಯಿದೆಯನ್ನು. ಹನಿಹನಿ ಕೂಡಿದರೆ ಹಳ್ಳವೆಂಬುದು ದೊಡ್ಡ ಪಾತ್ರೆಯನ್ನಿಟ್ಟ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಅಲ್ಲದೆ ಹೊಸ ಸ್ಮೃತಿಯನ್ನು ಕೊಳ್ಳಲಾರದವನ ಹಳೆಯ ಯಂತ್ರ ಇಂಥ ದೋಷಗಳ ದೆಸೆಯಿಂದಲೇ ಕಾಲಕ್ಕೆ ಮುಂಚೆ ಕಸಕ್ಕೆ ಸೇರುತ್ತದೆ.

ಎರಡನೆಯ ವಾದ ಇನ್ನೂ ಗಂಭೀರವಾದುದು: ಉಪಯೋಗ ತೀರಿದ ಸ್ಮೃತಿಯನ್ನು ತಾನಾಗಿಯೇ ಗುಡಿಸಿ ತೆಗೆಯುವ ಭಾಷೆಗಳಿರುವಾಗ ಚಿಂತೆಯೇಕೆ? ಈ ಗುಡಿಸುವ ವಿಧಾನವನ್ನು ಜಾನ್ ಮೆಕಾರ್ಥಿ ಸುಮಾರು 1959ರಲ್ಲಿಯೇ ಲಿಸ್ಪ್ ಭಾಷೆಗಾಗಿ ರೂಪಿಸಿದರು. ಅದು ಮಹತ್ತ್ವದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಕೈಗೂ ಎಟಕದ ಸ್ಮೃತಿಯನ್ನು ಮಾತ್ರ ಅದು ಗುಡಿಸಬಲ್ಲದು. ಪ್ಲೇಯರು ತೋರಿಸಿದ ಚಿತ್ರಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟು ಪಟ್ಟಿಯಿಂದ ತೆಗೆಯಲು ಮರೆತರೆ, ಅವೆಲ್ಲ ಇನ್ನೂ ಬೇಕಾದವೆಂದೇ ಯಂತ್ರ ಭಾವಿಸುತ್ತದೆ. ಬೇಕೋ ಬೇಡವೋ ಎಂಬ ವಿವೇಕ ಬರೆದವನದೇ ಹೊರತು ಭಾಷೆಯದಲ್ಲ.

ಮೂರನೆಯ ವಾದ: ಹೋದರೆ ಒಂದು ಹಾಡು ತಾನೇ? ನಿಜ, ಹಾಡು ನಿಂತರೆ ಮನೆಯೇನೂ ಮುಳುಗುವುದಿಲ್ಲ. ಆದರೆ ನಿಲ್ಲಲೇಬಾರದ ಪ್ರೋಗ್ರಾಮುಗಳೂ ಲೋಕದಲ್ಲಿವೆ. ಅವುಗಳಲ್ಲಿಯೂ ಇದೇ ದೋಷ ಹುಟ್ಟಬಲ್ಲದು. ಲಂಡನ್ ನಗರದ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರ್ 26ರಂದು ಗಾಡಿಗಳನ್ನು ಕಳುಹಿಸುವ ಕಾರ್ಯವನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿತು. ಬೇರೆ ಬೇರೆ ಕಾರಣಗಳಿಂದ ಅದು ಮೊದಲೆರಡು ದಿನಗಳಲ್ಲಿಯೇ ತೊಡಕಿಗೆ ಸಿಕ್ಕಿ, ಅರ್ಧ ಕೈಕೆಲಸದ ಕ್ರಮಕ್ಕೆ ಮರಳಬೇಕಾಯಿತು. ನವೆಂಬರ್ 4ರ ನಸುಕಿನಲ್ಲಿ, ಎರಡು ಗಂಟೆ ದಾಟಿದ ಮೇಲೆ, ವ್ಯವಸ್ಥೆ ನಿಧಾನವಾಗಿ ಕೊನೆಗೆ ಸ್ತಬ್ಧವಾಯಿತು. ಹೀಗಾದಾಗ ಆರಿಸಿ ಹಚ್ಚಬೇಕೆಂದು ಸಿಬ್ಬಂದಿಗೆ ಹೇಳಿಕೊಡಲಾಗಿದ್ದಿತು. ಅವರು ಹಾಗೆಯೇ ಮಾಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಕಾಗದ ಪೆನ್ಸಿಲುಗಳೇ ಗತಿಯಾದವು.

ವಿಚಾರಣಾಸಮಿತಿ 1993ರಲ್ಲಿ ಕೊಟ್ಟ ವರದಿ ಕಾರಣವನ್ನು ವಿವರಿಸುತ್ತದೆ. ಸುಮಾರು ಮೂರು ವಾರಗಳ ಹಿಂದೆ ಪ್ರೋಗ್ರಾಮಿನ ಒಂದು ಭಾಗವನ್ನು ತಿದ್ದುತ್ತಿದ್ದಾಗ ಬೇಡದ ತುಣುಕೊಂದು ಅದರಲ್ಲಿ ಉಳಿದುಬಿಟ್ಟಿದ್ದಿತು. ಒಂದೊಂದು ಸಲ ಗಾಡಿಯನ್ನು ಕಳುಹಿಸಿದಾಗಲೂ ಅದು ಕೇಂದ್ರಯಂತ್ರದ ಸ್ಮೃತಿಯಲ್ಲಿ ಅಲ್ಪಭಾಗವನ್ನು ಹಿಡಿದು ಬಿಡದೆ ಇದ್ದಿತು. ಮೂರು ವಾರಗಳಲ್ಲಿ ಆ ಅಲ್ಪಗಳೆಲ್ಲ ಕೂಡಿ ಸ್ಮೃತಿ ಮುಗಿಯಿತು. ಸಿಬ್ಬಂದಿ ಆರಿಸಿ ಹಚ್ಚಿದ್ದು ತಮ್ಮ ಮುಂದಿನ ಯಂತ್ರಗಳನ್ನು, ಸೋರುತ್ತಿದ್ದುದು ಕೇಂದ್ರಯಂತ್ರ. ದೋಷದ ಸ್ಥಾನ ತಿಳಿಯದಿದ್ದಾಗ ಚಿಕಿತ್ಸೆ ಎಲ್ಲಿಗೆ ತಾನೆ ತಲಪೀತು? ಒಂದು ಗಾಡಿಗೆ ಒಂದು ಮೆಟ್ಟಿಲು, ಒಂದು ಹಾಡಿಗೆ ಒಂದು ಮೆಟ್ಟಿಲು: ಎರಡರ ಗ್ರಾಫೂ ಒಂದೇ ಜಾತಿಯದು. ಹಾಡಿನ ಗ್ರಾಫನ್ನು ಓದಲು ಕಲಿತವನಿಗೆ ನಾಳೆ ಇನ್ನೊಂದನ್ನು ಓದುವ ಸಾಮರ್ಥ್ಯವಿರುತ್ತದೆ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಪ್ರೌಢಶಾಲೆ ಕಾಲೇಜುಗಳ ಕಂಪ್ಯೂಟರ್ ಪ್ರಯೋಗಗಳಲ್ಲಿ ಹೊಸ ಪ್ರೋಗ್ರಾಮನ್ನು ಬರೆಯುವುದಕ್ಕೆ ಅಂಕಗಳಿರುವಂತೆ, ಇರುವ ಪ್ರೋಗ್ರಾಮಿನ ದೋಷವೊಂದನ್ನು ಅಳೆದು ಕಾರಣವನ್ನು ನಿರೂಪಿಸುವುದಕ್ಕೂ ಅಂಕಗಳಿರಲಿ. ಅದಕ್ಕೆ ಹೊಸ ಉಪಕರಣ ಬೇಡ, ಹಣವೂ ಬೇಡ. ಒಂದು ಪ್ಲೇಯರು, ಒಂದು ಗಡಿಯಾರ, ಒಂದು ಗ್ರಾಫು ಕಾಗದ ಸಾಕು. ಫಲಿತಾಂಶ ಮೊದಲೇ ಗೊತ್ತಿಲ್ಲದ ಪ್ರಯೋಗವೆಂಬುದೇ ಅದರ ದೊಡ್ಡ ಗುಣ. ಉತ್ತರವನ್ನು ನೆರೆಯವನ ಪುಸ್ತಕದಿಂದ ನಕಲು ಮಾಡುವುದು ಕೂಡ ಅಲ್ಲಿ ಸಾಧ್ಯವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕಾರಣವನ್ನು ಕಂಡುಹಿಡಿದ ಮೇಲೆ ಅದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಬೇಡಿರಿ. ಆ ಪ್ಲೇಯರನ್ನು ರಚಿಸಿದವರಿಗೆ ತಿಳಿಸಿರಿ. “ನಿಮ್ಮ ಪ್ರೋಗ್ರಾಮು ನಿಧಾನ” ಎಂದು ಬರೆದರೆ ಅವರಿಗೆ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಯಂತ್ರ, ಯಾವ ಕ್ರಮದಲ್ಲಿ ಏನು ಮಾಡಿದಿರಿ, ಎಷ್ಟು ಹಾಡಿಗೆ ಎಷ್ಟು ಕಿಲೋಬೈಟು ಏರಿತು, ಚಿತ್ರಗಳನ್ನು ತೆಗೆದಾಗ ಏನಾಯಿತು ಎಂಬುದನ್ನು ಅಂಕಿಗಳ ಸಹಿತ ಬರೆಯಿರಿ. ಬರೆದವರು ಯಾರೆಂದು ತಿಳಿಯದಿದ್ದರೂ ಅಂಥ ವರದಿಯನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಇಂದು ಸಂಜೆ ಯಂತ್ರ ಮಂಕಾದರೆ ಆರಿಸಿ ಹಚ್ಚಲು ನಮ್ಮ ಅಡ್ಡಿಯೇನೂ ಇಲ್ಲ; ಆರಿಸುವುದಕ್ಕೆ ಮುಂಚೆ ಆ ಅಂಕಿಯೊಂದನ್ನು ಬರೆದುಕೊಳ್ಳಿರಿ.